ಟಿವಿಗೂ ಮುಂಚಿನ ಅಮೆರಿಕನ್ ಕಾಲೇಜ್ ಫುಟ್‌ಬಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಓದಲು ಹೋದ ಹುಡುಗ ಹುಡುಗಿಯರು, ಅವರನ್ನು ನೋಡಿಕೊಂಡು ಬಂದ ಅಪ್ಪ ಅಮ್ಮಂದಿರು, ಆಟಗಳ ಹಳೆಯ ಕತೆಯ ಹುಚ್ಚಿರುವ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವು ಎರಡು ವಿಷಯದ ಸುತ್ತ ಸುತ್ತುತ್ತವೆ. ಟಿವಿ ಇಲ್ಲದಾಗ ಇಷ್ಟೊಂದು ಅಭಿಮಾನ ಎಲ್ಲಿಂದ ಬಂತು? ಯಾರು ಯಾರ ಜೊತೆ ಆಡಬೇಕು ಅಂತ ಯಾರು ಹೇಳುತ್ತಿದ್ದರು? ನನಗೆ ಎರಡನೆಯದೇ ಜಾಸ್ತಿ ಮುಖ್ಯ. ಆ ಕಾಲದಲ್ಲಿ ಒಂದು ಕಾಲೇಜು ಯಾರನ್ನು ಆಟಕ್ಕೆ ಕರೆಯಿತು, ಯಾರನ್ನು ಕರೆಯಲಿಲ್ಲ ಅನ್ನುವುದನ್ನು ನೋಡಿದರೆ ಸಾಕು. ಅದರ ಹೆಮ್ಮೆ, ಹಣದ ಅಡಚಣೆ, ಒಳಗಿನ ಪೂರ್ವಗ್ರಹ ಎಲ್ಲವೂ ಅಲ್ಲೇ ಕಾಣುತ್ತದೆ.

## ಮೊದಲು ಗೊತ್ತಿರಬೇಕಾದ್ದು

ಇದು ನಾವು ಆಡೋ ಫುಟ್‌ಬಾಲೇನಾ?

ಅಲ್ಲ. ಇದು ಮೊಟ್ಟೆಯಾಕಾರದ ಚೆಂಡು ಹಿಡಿದು ಎದುರಾಳಿಗಳ ಗುಂಪಿನೊಳಗೆ ನುಗ್ಗುವ ಆಟ. ಆದರೆ ಶುರುವಾದಾಗ ನಮ್ಮ ಫುಟ್‌ಬಾಲಿಗೆ ಹತ್ತಿರವೇ ಇತ್ತು. 1869ರ ನವೆಂಬರ್ 6ರಂದು ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಹುಡುಗರು ಆಡಿದ್ದನ್ನೇ ಮೊದಲ ಕಾಲೇಜ್ ಪಂದ್ಯ ಎನ್ನುತ್ತಾರೆ. ಒಂದೊಂದು ಕಡೆ 25 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಿರಲಿಲ್ಲ. ರಟ್ಗರ್ಸ್ 6–4ರಿಂದ ಗೆದ್ದಿತು.

1874ರಲ್ಲಿ ಕೆನಡಾದ ಮೆಗಿಲ್ ತಂಡ ಹಾರ್ವರ್ಡಿಗೆ ಬಂದು ರಗ್ಬಿ ರೀತಿಯ ಆಟವನ್ನು ಪರಿಚಯಿಸಿತು. ಆಮೇಲೆ ಯೇಲ್‌ನ ವಾಲ್ಟರ್ ಕ್ಯಾಂಪ್ 1880ರ ದಶಕದಲ್ಲಿ ನಿಯಮಗಳನ್ನು ಒಂದೊಂದಾಗಿ ಬದಲಾಯಿಸಿ ಇವತ್ತಿನ ಆಟದ ಅಡಿಪಾಯ ಹಾಕಿದರು. ಆಟ ತುಂಬಾ ಒರಟಾಗಿತ್ತು. ಹುಡುಗರು ಮೈದಾನದಲ್ಲೇ ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಚೆಂಡನ್ನು ಮುಂದಕ್ಕೆ ಎಸೆಯಬಹುದು ಅನ್ನುವ ನಿಯಮ ಬಂದಿದ್ದು ಅದರ ಮರುವರ್ಷ. ಕಾಲೇಜ್ ಆಟಗಳ ನಿಯಮ ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ಹುಟ್ಟಿದ್ದೂ ಅದೇ ಗಲಾಟೆಯಿಂದಲೇ.

ಕಾಲೇಜ್ ಹುಡುಗರ ಆಟಕ್ಕೆ ಅಷ್ಟೊಂದು ಜನ ಯಾಕೆ ಸೇರ್ತಿದ್ರು? ಪ್ರೊಫೆಷನಲ್ ತಂಡಗಳು ಇರಲಿಲ್ವಾ?

ಇದ್ದವು, ಆದರೆ ತಡವಾಗಿ ಬಂದವು. ಈಗಿನ ದೊಡ್ಡ ಪ್ರೊಫೆಷನಲ್ ಲೀಗ್ ಎನ್‌ಎಫ್‌ಎಲ್ ಶುರುವಾಗಿದ್ದು 1920ರಲ್ಲಿ. ಅಷ್ಟು ಹೊತ್ತಿಗೆ ಕಾಲೇಜ್ ಫುಟ್‌ಬಾಲಿಗೆ ಐವತ್ತು ವರ್ಷ ತುಂಬಿತ್ತು. ದುಡ್ಡಿಗಾಗಿ ಆಡುವುದನ್ನು ಮರ್ಯಾದಸ್ಥರು ಕೀಳಾಗಿ ನೋಡುತ್ತಿದ್ದ ಕಾಲ ಅದು. ಇನ್ನೊಂದು ಕಾರಣವೂ ಇದೆ. ಆಯೋವಾ, ನೆಬ್ರಾಸ್ಕಾ, ಅಲಬಾಮಾದಂಥ ರಾಜ್ಯಗಳಲ್ಲಿ ದೊಡ್ಡ ನಗರಗಳೇ ಕಡಿಮೆ. ಅಲ್ಲಿನ ಜನಕ್ಕೆ "ನಮ್ಮದು" ಅನ್ನಿಸುವ ತಂಡ ಅಂದರೆ ರಾಜ್ಯದ ವಿಶ್ವವಿದ್ಯಾಲಯದ್ದೇ. ಅಲ್ಲಿ ಓದಿರಬೇಕು ಅಂತೇನೂ ಇರಲಿಲ್ಲ.

ಎಷ್ಟು ಜನ ಸೇರುತ್ತಿದ್ದರು ಅನ್ನುವುದು ಕ್ರೀಡಾಂಗಣಗಳನ್ನು ನೋಡಿದರೆ ಗೊತ್ತಾಗುತ್ತದೆ. ಹಾರ್ವರ್ಡ್ ಸ್ಟೇಡಿಯಂ 1903ರದು. ಯೇಲ್ ಬೌಲ್ 1914ರದು. ಒಹಾಯೊ ಸ್ಟೇಟ್‌ನದು 1922ರದು, ಮಿಷಿಗನ್‌ನದು 1927ರದು. ಟಿವಿ ಅನ್ನುವ ಪೆಟ್ಟಿಗೆ ಮನೆಗೆ ಬರುವ ಎಷ್ಟೋ ಮೊದಲೇ ಇವೆಲ್ಲ ಕಟ್ಟಿ ಮುಗಿದಿದ್ದವು.

ಪಂದ್ಯ ಶನಿವಾರವೇ ಯಾಕೆ?

ಭಾನುವಾರ ಆಟ, ವ್ಯಾಪಾರ ಎಲ್ಲಕ್ಕೂ ಹಲವು ರಾಜ್ಯಗಳಲ್ಲಿ ಕಾನೂನೇ ಅಡ್ಡ ಇತ್ತು. ಚರ್ಚಿನ ದಿನ ಅದು. ಉಳಿದ ದಿನ ತರಗತಿ. ಹಾಗಾಗಿ ಶನಿವಾರ ಮಧ್ಯಾಹ್ನ. ದೊಡ್ಡ ದೀಪಗಳು ಬರುವ ತನಕ ಕತ್ತಲಾಗುವುದರೊಳಗೆ ಮುಗಿಸಲೇಬೇಕಿತ್ತು.

## ಯಾರ ಜೊತೆ ಯಾರು

ಯಾರು ಯಾರ ಜೊತೆ ಆಡಬೇಕು ಅಂತ ತೀರ್ಮಾನ ಮಾಡ್ತಿದ್ದವರು ಯಾರು?

ಮೇಲೆ ಕೂತು ಪಟ್ಟಿ ಮಾಡುವ ಮಂಡಳಿ ಯಾವುದೂ ಇರಲಿಲ್ಲ. ಕಾಲೇಜಿನ ತಂಡದ ಮ್ಯಾನೇಜರ್ ಇನ್ನೊಂದು ಕಾಲೇಜಿನ ಮ್ಯಾನೇಜರ್‌ಗೆ ಪತ್ರ ಬರೆಯುತ್ತಿದ್ದ. ಮೊದಮೊದಲು ವಿದ್ಯಾರ್ಥಿಗಳೇ ಮ್ಯಾನೇಜರ್‌ಗಳು. ಆಮೇಲೆ ಹಳೆಯ ವಿದ್ಯಾರ್ಥಿಗಳು, ಕೋಚ್‌ಗಳು, ಕೊನೆಗೆ ಸಂಬಳಕ್ಕಿರುವ ಕ್ರೀಡಾ ನಿರ್ದೇಶಕರು ಆ ಕೆಲಸ ಮಾಡಿದರು. "ಅಕ್ಟೋಬರ್ ಮೂರನೇ ಶನಿವಾರ ನಿಮಗೆ ಖಾಲಿ ಇದೆಯಾ? ನಾವೇ ಬರುತ್ತೇವೆ. ಎಷ್ಟು ಕೊಡುತ್ತೀರಿ?" ಅನ್ನುವ ಧಾಟಿಯ ಪತ್ರಗಳು. ಒಪ್ಪಿದರೆ ಕರಾರು.

ಹಣ ಕೊಡುವುದು ಎರಡು ರೀತಿ. ಒಂದು, ಗೇಟ್‌ನಲ್ಲಿ ಬಂದ ದುಡ್ಡಿನಲ್ಲಿ ಪಾಲು. ಇನ್ನೊಂದು ಗ್ಯಾರಂಟಿ, ಅಂದರೆ ಜನ ಬರಲಿ ಬಿಡಲಿ ಅತಿಥಿ ತಂಡಕ್ಕೆ ಮೊದಲೇ ಮಾತಾಡಿದ ಮೊತ್ತ. ಸಮಾನರಾಗಿದ್ದರೆ ಈ ವರ್ಷ ನಿಮ್ಮಲ್ಲಿ, ಬರುವ ವರ್ಷ ನಮ್ಮಲ್ಲಿ. ಸಮಾನರಲ್ಲದಿದ್ದರೆ ಚಿಕ್ಕವರು ಪ್ರತಿ ಸಲವೂ ದೊಡ್ಡವರ ಊರಿಗೆ ಹೋಗಬೇಕಿತ್ತು. ಯಾರ ಜೊತೆ ಯಾರು ಪಂಕ್ತಿಯಲ್ಲಿ ಕೂರಬಹುದು ಅನ್ನುವ ಹಾಗೆಯೇ ಇದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ತಮ್ಮನ್ನು ತಾವೇ ಮೇಲಿನ ಸಾಲಿನಲ್ಲಿ ಇಟ್ಟುಕೊಂಡಿದ್ದವು. ತಾವು ಇನ್ನೊಬ್ಬರ ಊರಿಗೆ ಹೋಗುವುದು ಅಪರೂಪ, ಉಳಿದವರು ಇಲ್ಲಿಗೆ ಬರಬೇಕು.

ಪಟ್ಟಿಗೆ ಒಂದು ಲಯವೂ ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ ಸುಲಭವಾಗಿ ಸೋಲುವ ಚಿಕ್ಕ ಕಾಲೇಜುಗಳು. ಅಕ್ಟೋಬರ್‌ನಲ್ಲಿ ಪರವಾಗಿಲ್ಲ ಅನ್ನುವಂಥ ತಂಡಗಳು. ನವೆಂಬರ್ ಕೊನೆಗೆ, ಇಲ್ಲವೇ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಹಳೆಯ ಎದುರಾಳಿ. ಎಂಟೋ ಒಂಬತ್ತೋ ಪಂದ್ಯ, ಅಷ್ಟೇ. ಆ ಕೊನೆಯದನ್ನು ಗೆದ್ದರೆ ಹಿಂದಿನ ಸೋಲುಗಳನ್ನು ಜನ ಮರೆತುಬಿಡುತ್ತಿದ್ದರು.

ಕಾನ್ಫರೆನ್ಸ್ ಅಂದ್ರೆ ನಮ್ಮ ಲೀಗ್ ತರಾನಾ? ಒಳಗಿರೋರೆಲ್ಲ ಒಬ್ಬರಿಗೊಬ್ಬರು ಆಡ್ತಿದ್ರಾ?

ಹಾಗೇನಿಲ್ಲ. ಈಗ ಬಿಗ್ ಟೆನ್ ಅಂತ ಕರೆಯುವ ಒಕ್ಕೂಟ 1896ರಲ್ಲಿ ಶಿಕಾಗೊ, ಇಲಿನಾಯ್, ಮಿಷಿಗನ್, ಮಿನೆಸೋಟಾ, ನಾರ್ತ್‌ವೆಸ್ಟರ್ನ್, ಪರ್ಡ್ಯೂ, ವಿಸ್ಕಾನ್ಸಿನ್ ಸೇರಿ ಶುರುವಾಯಿತು. ಅದರ ಮೊದಲ ಉದ್ದೇಶ ಪಂದ್ಯಾವಳಿ ನಡೆಸುವುದಾಗಿರಲಿಲ್ಲ. ಯಾರು ವಿದ್ಯಾರ್ಥಿ, ಯಾರು ದುಡ್ಡಿಗೆ ಬಂದ ಬಾಡಿಗೆ ಆಟಗಾರ ಅನ್ನುವುದಕ್ಕೆ ಪ್ರೊಫೆಸರ್‌ಗಳು ನಿಯಮ ಮಾಡುವುದಿತ್ತು. ಯಾರ ಜೊತೆ ಆಡಬೇಕು ಅನ್ನುವುದು ಆಯಾ ಕಾಲೇಜಿಗೇ ಬಿಟ್ಟಿದ್ದು. ಒಂದೇ ಒಕ್ಕೂಟದಲ್ಲಿದ್ದೂ ವರ್ಷಗಟ್ಟಲೆ ಮುಖ ನೋಡದ ತಂಡಗಳಿದ್ದವು.

ಇದಕ್ಕೆ ಒಳ್ಳೆಯ ಉದಾಹರಣೆ ಒಂದು ಹೂಜಿ. 1903ರಲ್ಲಿ ಮಿಷಿಗನ್ ತಂಡ ಮಿನಿಯಾಪೊಲಿಸ್‌ಗೆ ಹೋದಾಗ, ಅಲ್ಲಿಯ ನೀರಿನ ಮೇಲೆ ಅನುಮಾನ ಬಂದು 30 ಸೆಂಟ್ ಕೊಟ್ಟು ನೀರಿನ ಹೂಜಿ ಕೊಂಡರು. ಪಂದ್ಯ 6–6ರಲ್ಲಿ ಸಮ ಆಯಿತು. ಜನ ಮೈದಾನಕ್ಕೆ ನುಗ್ಗಿದರು. ಆ ಗಡಿಬಿಡಿಯಲ್ಲಿ ಹೂಜಿ ಅಲ್ಲೇ ಉಳಿಯಿತು. ಬೇಕಿದ್ದರೆ ಬಂದು ಗೆದ್ದು ಒಯ್ಯಿರಿ ಅಂದರು ಮಿನೆಸೋಟಾದವರು. ಮಿಷಿಗನ್ ಮತ್ತೆ ಅವರೊಂದಿಗೆ ಆಡಿದ್ದು 1909ರಲ್ಲಿ! ಅಷ್ಟರಲ್ಲಿ ಮಿಷಿಗನ್ ಜಗಳ ಮಾಡಿಕೊಂಡು ಒಕ್ಕೂಟದಿಂದಲೇ ಹೊರಗೆ ಹೋಗಿತ್ತು. ಆ ಹೂಜಿಗಾಗಿ ಎರಡೂ ತಂಡಗಳು ಇವತ್ತಿಗೂ ಆಡುತ್ತವೆ.

ಆರು ದಿನದಲ್ಲಿ ಐದು ಪಂದ್ಯ ಆಡಿದ ತಂಡ ಇತ್ತಂತೆ, ನಿಜಾನಾ?

ನಿಜ. ಟೆನೆಸಿಯ ಬೆಟ್ಟದ ಮೇಲಿರುವ ಸ್ಯೂವಾನೀ ಅನ್ನುವ ಚಿಕ್ಕ ವಿಶ್ವವಿದ್ಯಾಲಯ. 1899ರಲ್ಲಿ ಅದಕ್ಕೂ ವ್ಯಾಂಡರ್‌ಬಿಲ್ಟ್‌ಗೂ ಗೇಟಿನ ದುಡ್ಡಿನ ವಿಷಯಕ್ಕೆ ಜಗಳವಾಗಿ, ಆ ವರ್ಷದ ದೊಡ್ಡ ಆದಾಯವೇ ಕೈತಪ್ಪಿತು. ವಿದ್ಯಾರ್ಥಿ ಮ್ಯಾನೇಜರ್ ಲ್ಯೂಕ್ ಲೀ ಪತ್ರ ಬರೆದು ಬರೆದು ದಕ್ಷಿಣದ ಉದ್ದಕ್ಕೂ ಪಂದ್ಯ ಕುದುರಿಸಿದ. ರೈಲು ಪ್ರಯಾಣವೇ ಸುಮಾರು 2,500 ಮೈಲಿ.

ನವೆಂಬರ್ 9ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ಮೇಲೆ 12–0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಮೇಲೆ 10–0. ಅದರ ಮರುದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23–0. ಭಾನುವಾರ ವಿಶ್ರಾಂತಿ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು ಮೇಲೆ 34–0. ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ಮೇಲೆ 12–0. ಐದು ಪಂದ್ಯದಲ್ಲಿ ಎದುರಾಳಿಗಳಿಗೆ ಒಂದು ಅಂಕವೂ ಸಿಗಲಿಲ್ಲ. ರಾತ್ರಿಯೆಲ್ಲ ರೈಲಿನಲ್ಲಿ ಮಲಗಿ, ಬೆಳಿಗ್ಗೆ ಇಳಿದು, ಮೈಕೈ ನೋವಿನಲ್ಲೇ ಮತ್ತೆ ಅದೇ ಹುಡುಗರು ಆಡುವುದು. ಬದಲಿ ಆಟಗಾರರು ಬೆರಳೆಣಿಕೆಯಷ್ಟು. ಆ ವರ್ಷ ಸ್ಯೂವಾನೀ ಆಡಿದ 12 ಪಂದ್ಯಗಳನ್ನೂ ಗೆದ್ದಿತು. ಈ ಆಟದ ಇತಿಹಾಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಾಹಸ ಕಾಣುವುದಿಲ್ಲ.

222–0 ಅನ್ನೋ ಸ್ಕೋರ್ ಯಾರೋ ಕಟ್ಟಿದ ಕತೆ ಅಲ್ವಾ?

ಕತೆ ಅಲ್ಲ. 1916ರ ಅಕ್ಟೋಬರ್ 7, ಅಟ್ಲಾಂಟಾ. ಜಾರ್ಜಿಯಾ ಟೆಕ್ ಎದುರು ಕಂಬರ್‌ಲೆಂಡ್ ಕಾಲೇಜು. ವಿಚಿತ್ರ ಏನೆಂದರೆ ಕಂಬರ್‌ಲೆಂಡ್ ಆ ಹೊತ್ತಿಗೆ ಫುಟ್‌ಬಾಲ್ ಆಡುವುದನ್ನೇ ನಿಲ್ಲಿಸಿತ್ತು. ಆದರೆ ಕರಾರಿಗೆ ಸಹಿ ಬಿದ್ದಿತ್ತು. ಬರದಿದ್ದರೆ 3,000 ಡಾಲರ್ ದಂಡ, ಬಂದರೆ 500 ಡಾಲರ್ ಗ್ಯಾರಂಟಿ. ಕಾಲೇಜಿಗೆ ಆ ದಂಡ ಕಟ್ಟುವ ಶಕ್ತಿ ಇರಲಿಲ್ಲ. ಸಿಕ್ಕ ಸಿಕ್ಕ ಹುಡುಗರನ್ನು ಸೇರಿಸಿಕೊಂಡು ರೈಲು ಹತ್ತಿದರು.

ಟೆಕ್‌ನ ಕೋಚ್ ಜಾನ್ ಹೈಸ್ಮನ್‌ಗೆ ಹಳೆಯ ಸಿಟ್ಟೂ ಇತ್ತು. ಅವರ ಬೇಸ್‌ಬಾಲ್ ತಂಡವನ್ನು ಕಂಬರ್‌ಲೆಂಡ್ 22–0ರಿಂದ ಸೋಲಿಸಿತ್ತು. ಅರ್ಧ ಆಟ ಮುಗಿದಾಗ 126–0. ದ್ವಿತೀಯಾರ್ಧದ ಸಮಯವನ್ನು ಕಡಿಮೆ ಮಾಡಬೇಕಾಯಿತು. ಜನ ಇದನ್ನು ತಮಾಷೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಕಾಣುವುದು ಆ ಕರಾರಿನ ಕಾಗದ. ಒಂದು ಸಹಿಗಾಗಿ ಆಟ ಬಾರದ ಹುಡುಗರು ಅಷ್ಟು ಏಟು ತಿಂದರು.

ಚಿಕ್ಕ ಕಾಲೇಜಿಗೆ ದೊಡ್ಡವರನ್ನ ಸೋಲಿಸೋ ಅವಕಾಶ ಯಾವತ್ತಾದ್ರೂ ಸಿಕ್ತಾ?

1921ರ ಅಕ್ಟೋಬರ್ 29ರಂದು ಸಿಕ್ಕಿತು. ಕೆಂಟಕಿಯ ಡ್ಯಾನ್‌ವಿಲ್ ಪಟ್ಟಣದ ಸೆಂಟರ್ ಕಾಲೇಜು, ಕೆಲವೇ ನೂರು ವಿದ್ಯಾರ್ಥಿಗಳದ್ದು. ಹಿಂದಿನ ವರ್ಷ ಹಾರ್ವರ್ಡ್ ಅದನ್ನು ಕರೆಸಿಕೊಂಡು 31–14ರಿಂದ ಸೋಲಿಸಿತ್ತು. ಜನ ಚೆನ್ನಾಗಿ ಬಂದಿದ್ದರಿಂದ ಮತ್ತೆ ಕರೆಯಿತು. ಈ ಸಲ ಬೋ ಮ್ಯಾಕ್‌ಮಿಲಿನ್ ಒಂದೇ ಓಟದಲ್ಲಿ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತಂದ. 6–0. ಡ್ಯಾನ್‌ವಿಲ್‌ನಲ್ಲಿ ಕಂಡ ಕಂಡ ಗೋಡೆ ಮೇಲೆ "ಸಿ6ಎಚ್0" ಅಂತ ರಸಾಯನಶಾಸ್ತ್ರದ ಸೂತ್ರದ ಹಾಗೆ ಬರೆದರು. ಸೆಂಟರ್ 6, ಹಾರ್ವರ್ಡ್ 0.

## ನೋಡದೆಯೇ ಹಚ್ಚಿಕೊಂಡ ಅಭಿಮಾನಿಗಳು

ಮೈದಾನಕ್ಕೆ ಹೋಗೋಕೆ ಆಗದವರಿಗೆ ಸ್ಕೋರ್ ಹೇಗೆ ಗೊತ್ತಾಗ್ತಿತ್ತು?

ತಂತಿಯಿಂದ. ಮೈದಾನದಲ್ಲಿ ಒಬ್ಬ ಟೆಲಿಗ್ರಾಫ್ ಆಪರೇಟರ್ ಕೂತಿರುತ್ತಿದ್ದ. ಊರಿನ ಪತ್ರಿಕಾ ಕಚೇರಿಗೆ ಸುದ್ದಿ ಬರುತ್ತಿತ್ತು. ಕಚೇರಿಯ ಮುಂದೆ ಬೀದಿ ತುಂಬ ಜನ. ಕಿಟಕಿಯಲ್ಲಿ ನಿಂತವನೊಬ್ಬ ಮೆಗಾಫೋನ್ ಹಿಡಿದು ಚೀಟಿ ಓದುತ್ತಿದ್ದ. ಸಂಜೆ ಆಟದ ವಿಶೇಷ ಸಂಚಿಕೆ ಬಿಸಿಬಿಸಿಯಾಗಿ ಬೀದಿಗೆ ಬರುತ್ತಿತ್ತು.

1920ರ ದಶಕದಲ್ಲಿ ಗ್ರಿಡ್-ಗ್ರಾಫ್ ಬಂತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾಲೇಜಿನ ದೊಡ್ಡ ಸಭಾಂಗಣದ ವೇದಿಕೆ ಮೇಲೆ ಗಾಜಿನ ದೊಡ್ಡ ಬೋರ್ಡ್. ಅದರ ಮೇಲೆ ಮೈದಾನದ ಗೆರೆಗಳು. ಅಕ್ಕಪಕ್ಕ ಎರಡೂ ತಂಡದ ಆಟಗಾರರ ಹೆಸರು, ಎಸೆತ, ಓಟ, ಒದೆತ ಅನ್ನುವ ಪಟ್ಟಿ. ಬೋರ್ಡಿನ ಹಿಂದೆ ಒಬ್ಬ ದೀಪ ಹಿಡಿದು ನಿಂತಿರುತ್ತಾನೆ. ತಂತಿಯಲ್ಲಿ ಸುದ್ದಿ ಬಂದ ಕೂಡಲೇ ಚೆಂಡು ಹಿಡಿದವನ ಹೆಸರು ಬೆಳಗುತ್ತದೆ. ಏನು ಮಾಡಿದ ಅನ್ನುವುದು ಬೆಳಗುತ್ತದೆ. ಆಮೇಲೆ ಗಾಜಿನ ಹಿಂದಿನ ಬೆಳಕಿನ ಚುಕ್ಕೆ ಮೆಲ್ಲಗೆ ಸರಿಯುತ್ತದೆ. ಎಲ್ಲಿ ನಿಲ್ಲುತ್ತದೋ ಅಲ್ಲಿ ಆಟ ನಿಂತಿದೆ. ಟಿಕೆಟ್ ಕೊಟ್ಟು ಒಳಗೆ ಬಂದವರು ಆ ಚುಕ್ಕೆ ನೋಡಿ ಕೂಗುತ್ತಿದ್ದರು, ಬ್ಯಾಂಡ್ ಬಾರಿಸುತ್ತಿದ್ದರು. ಆಟ ನಡೆಯುತ್ತಿದ್ದುದು ನೂರಾರು ಮೈಲಿ ದೂರದಲ್ಲಿ.

ರೇಡಿಯೊ ಬಂದಮೇಲೆ ಏನು ಬದಲಾಯ್ತು?

1921ರ ಅಕ್ಟೋಬರ್ 8ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಪಿಟ್ಸ್‌ಬರ್ಗ್–ವೆಸ್ಟ್ ವರ್ಜೀನಿಯಾ ಪಂದ್ಯವನ್ನು ಪ್ರಸಾರ ಮಾಡಿತು. ಅದೇ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನ ಟೆಕ್ಸಸ್ ಎ ಅಂಡ್ ಎಂನ ಹುಡುಗರು ಹವ್ಯಾಸಿ ರೇಡಿಯೊದಲ್ಲಿ ಮೋರ್ಸ್ ಸಂಕೇತದಿಂದ ಆಟವನ್ನು ಆಸ್ಟಿನ್‌ಗೆ ಕಳಿಸಿದರು. "ಚೆಂಡು ಟೆಕ್ಸಸ್ ಕೈಯಲ್ಲಿ, ಎದುರಾಳಿಯ 45 ಗಜದ ಗೆರೆಯಲ್ಲಿ" ಅನ್ನುವಂಥ ಮಾತುಗಳಿಗೆಲ್ಲ ಎರಡು ಮೂರು ಅಕ್ಷರದ ಗುರುತುಗಳನ್ನು ಮೊದಲೇ ಮಾಡಿಕೊಂಡಿದ್ದರು. ಪಂದ್ಯ 0–0. 1922ರಲ್ಲಿ ಶಿಕಾಗೊದಲ್ಲಿ ನಡೆದ ಪ್ರಿನ್ಸ್‌ಟನ್ ಪಂದ್ಯ ಟೆಲಿಫೋನ್ ತಂತಿಯ ಮೂಲಕ ನ್ಯೂಯಾರ್ಕ್‌ನ ಕೇಂದ್ರಕ್ಕೆ ತಲುಪಿ ಅಲ್ಲಿಂದ ಪ್ರಸಾರವಾಯಿತು. 1927ರ ರೋಸ್ ಬೌಲ್ (ಸೀಸನ್ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ನಡೆಯುವ ವಿಶೇಷ ಪಂದ್ಯ) ಹೊತ್ತಿಗೆ ದೇಶದ ಈ ಕರಾವಳಿಯಿಂದ ಆ ಕರಾವಳಿವರೆಗೆ ಕೇಳುತ್ತಿತ್ತು.

ಎಲ್ಲರಿಗೂ ಖುಷಿಯಾಗಲಿಲ್ಲ. ಆರ್ಥಿಕ ಮುಗ್ಗಟ್ಟಿನ 1930ರ ದಶಕದ ಆರಂಭದಲ್ಲಿ ಪೂರ್ವದ ಹಲವು ಕಾಲೇಜುಗಳು ರೇಡಿಯೊವನ್ನು ಹೊರಗಿಟ್ಟವು. ಮನೆಯಲ್ಲೇ ಕೇಳಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ ಅನ್ನುವ ಭಯ. ಆ ಭಯ ಸುಳ್ಳಾಯಿತು. ರೇಡಿಯೊ ಕೇಳಿದ ಹಳ್ಳಿಯ ಹುಡುಗ ಮುಂದೊಂದು ದಿನ ದುಡ್ಡು ಕೂಡಿಸಿ ಮೈದಾನಕ್ಕೆ ಬಂದ.

ನೋಟರ್ ಡೇಮ್‌ನಲ್ಲಿ ಓದದೇ ಇರೋರು ಅದರ ಅಭಿಮಾನಿಗಳಾಗಿದ್ದು ಹೇಗೆ?

ಅಕ್ಕಪಕ್ಕದವರು ಆಟಕ್ಕೆ ಸೇರಿಸಲಿಲ್ಲ, ಅದಕ್ಕೇ. ಇಂಡಿಯಾನಾದ ಈ ಕ್ಯಾಥೊಲಿಕ್ ಕಾಲೇಜು ವೆಸ್ಟರ್ನ್ ಕಾನ್ಫರೆನ್ಸ್ (ಅದೇ ಈಗಿನ ಬಿಗ್ ಟೆನ್) ಸೇರಲು ಕೇಳಿತು, ಬಾಗಿಲು ತೆರೆಯಲಿಲ್ಲ. ಕ್ಯಾಥೊಲಿಕರ ಬಗ್ಗೆ ಆಗ ಇದ್ದ ಅಸಹನೆ ಅದಕ್ಕೆ ಒಂದು ಕಾರಣ ಅನ್ನುವುದನ್ನು ಇತಿಹಾಸಕಾರರು ಮತ್ತೆ ಮತ್ತೆ ಹೇಳಿದ್ದಾರೆ. 1909ರಲ್ಲಿ ನೋಟರ್ ಡೇಮ್ ಮಿಷಿಗನ್ ತಂಡವನ್ನು 11–3ರಿಂದ ಸೋಲಿಸಿತು. ಮರುವರ್ಷದ ಪಂದ್ಯವನ್ನು ಮಿಷಿಗನ್ ರದ್ದು ಮಾಡಿತು. ಅಲ್ಲಿಂದ 1978ರವರೆಗೆ ಪಕ್ಕದ ರಾಜ್ಯದ ಈ ಎರಡು ತಂಡಗಳು ಆಡಿದ್ದು ಎರಡೇ ಸಲ, 1942 ಮತ್ತು 1943ರಲ್ಲಿ.

ಆಗ ಕೋಚ್ ಜೆಸ್ಸಿ ಹಾರ್ಪರ್ ದೂರದೂರಕ್ಕೆ ಪತ್ರ ಬರೆದರು. ಸೇನಾ ಅಕಾಡೆಮಿಯ ತಂಡ ಆರ್ಮಿಗೆ ಒಂದು ಶನಿವಾರ ಖಾಲಿ ಇತ್ತು, ಸಾವಿರ ಡಾಲರ್ ಕೊಡಲು ಒಪ್ಪಿತು. 1913ರ ನವೆಂಬರ್ 1ರಂದು ವೆಸ್ಟ್ ಪಾಯಿಂಟ್‌ನಲ್ಲಿ ಗಸ್ ಡೋರೆ ಎಸೆದ ಚೆಂಡನ್ನು ನೂಟ್ ರಾಕ್ನಿ ಓಡುತ್ತಲೇ ಹಿಡಿದ. 35–13. ಪೂರ್ವದ ಪತ್ರಿಕೆಗಳು ಬೆರಗಾದವು.

ಮುಂದೆ ರಾಕ್ನಿ ತಾನೇ ಕೋಚ್ ಆದಾಗ ಅಲೆದಾಟವನ್ನೇ ಬಂಡವಾಳ ಮಾಡಿಕೊಂಡ. ಆರ್ಮಿ ಪಂದ್ಯ ನ್ಯೂಯಾರ್ಕ್‌ಗೆ ಬಂತು. 1926ರಿಂದ ಲಾಸ್ ಏಂಜಲಿಸ್‌ನ ಯುಎಸ್‌ಸಿ ಜೊತೆ ಪಂದ್ಯ. 1929ರಲ್ಲಿ ಸ್ವಂತ ಕ್ರೀಡಾಂಗಣ ಕಟ್ಟುತ್ತಿದ್ದರಿಂದ ಇಡೀ ಸೀಸನ್ ಹೊರಗೇ ಆಡಿ ಒಂದೂ ಸೋಲಲಿಲ್ಲ. ಹೋದಲ್ಲೆಲ್ಲ ಐರಿಶ್, ಇಟಾಲಿಯನ್, ಪೋಲಿಶ್ ಕ್ಯಾಥೊಲಿಕ್ ಕೂಲಿಕಾರರು, ಪೊಲೀಸರು, ಅಂಗಡಿಯವರು ನಮ್ಮವರು ಅಂತ ಬಂದರು. ಕಾಲೇಜಿನ ಮೆಟ್ಟಿಲು ಹತ್ತದೆ, ಸುರಂಗ ರೈಲಿನಲ್ಲಿ ಮೈದಾನಕ್ಕೆ ಬರುತ್ತಿದ್ದ ಅವರನ್ನು ನ್ಯೂಯಾರ್ಕ್‌ನಲ್ಲಿ "ಸಬ್‌ವೇ ಅಲಮ್ನೈ", ಅಂದರೆ ಸುರಂಗ ರೈಲಿನ ಹಳೆಯ ವಿದ್ಯಾರ್ಥಿಗಳು, ಅಂತ ಕರೆದರು.

ಪತ್ರಿಕೆಯವರ ಪಾಲೂ ಇದೆ. 1924ರ ಅಕ್ಟೋಬರ್ 18ರಂದು ಆರ್ಮಿ ವಿರುದ್ಧ 13–7ರ ಗೆಲುವಿನ ನಂತರ ಗ್ರಾಂಟ್‌ಲೆಂಡ್ ರೈಸ್ ತನ್ನ ವರದಿಯಲ್ಲಿ ನಾಲ್ವರು ಆಟಗಾರರನ್ನು ಬೈಬಲಿನ ನಾಲ್ವರು ಕುದುರೆ ಸವಾರರಿಗೆ ಹೋಲಿಸಿದ. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಜಾರ್ಜ್ ಸ್ಟ್ರಿಕ್ಲರ್ ಊರಿಗೆ ಬಂದವನೇ ನಾಲ್ಕು ಕುದುರೆ ತರಿಸಿ, ನಾಲ್ವರನ್ನೂ ಹತ್ತಿಸಿ ಫೋಟೊ ತೆಗೆಸಿದ. ದೇಶದ ತುಂಬ ಅದು ಅಚ್ಚಾಯಿತು. ಅದೇ ದಿನ ಇಲಿನಾಯ್‌ನಲ್ಲಿ ರೆಡ್ ಗ್ರೇಂಜ್ ಮಿಷಿಗನ್ ವಿರುದ್ಧ ಮೊದಲ 12 ನಿಮಿಷದಲ್ಲಿ ನಾಲ್ಕು ಸಲ ಗೆರೆ ದಾಟಿದ್ದ. ಎರಡನ್ನೂ ಕಣ್ಣಾರೆ ಕಂಡವರು ಒಬ್ಬರೂ ಇರಲಿಕ್ಕಿಲ್ಲ. ಓದಿಯೇ ಜನ ಮನಸ್ಸಿನಲ್ಲಿ ಆಟ ಕಟ್ಟಿಕೊಂಡರು.

ಮೈದಾನದೊಳಗೆ ಹೇಗಿರ್ತಿತ್ತು?

ಗದ್ದಲ. 1898ರಲ್ಲಿ ಮಿನೆಸೋಟಾದ ಜಾನಿ ಕ್ಯಾಂಪ್‌ಬೆಲ್ ಜನರ ಮುಂದೆ ನಿಂತು ಕೂಗಿಸಿದ. ಚಿಯರ್‌ಲೀಡಿಂಗ್ ಅಲ್ಲಿಂದ ಶುರು ಅನ್ನುತ್ತಾರೆ. ಹಳೆಯ ವಿದ್ಯಾರ್ಥಿಗಳನ್ನು ಕರೆಸುವ ಹೋಮ್‌ಕಮಿಂಗ್ ಹಬ್ಬವನ್ನು ಇಲಿನಾಯ್ 1910ರಲ್ಲಿ, ಮಿಸೂರಿ 1911ರಲ್ಲಿ ಮಾಡಿದವು. ಮೊದಲು ಯಾರು ಅಂತ ಇನ್ನೂ ಜಗಳ ಇದೆ. ಎಲ್ಲ ಆಟಗಾರರ ಎದೆ ಬೆನ್ನಿಗೂ ನಂಬರ್ ಕಡ್ಡಾಯವಾಗಿದ್ದು 1937ರಲ್ಲಿ. ಅದಕ್ಕೂ ಮೊದಲು ಎಷ್ಟೋ ಸಲ ಕೆಸರು ಮೆತ್ತಿದ ಹುಡುಗರಲ್ಲಿ ಯಾರು ಯಾರು ಅಂತ ಊಹಿಸಬೇಕಿತ್ತು.

ಯುದ್ಧಕಾಲದ ಒಂದು ಸಂಗತಿ ನನಗೆ ತುಂಬಾ ಇಷ್ಟ. 1942ರಲ್ಲಿ ಪೆಟ್ರೋಲ್, ರಬ್ಬರ್ ಉಳಿಸಲು ಆರ್ಮಿ–ನೇವಿ ಪಂದ್ಯವನ್ನು ನೌಕಾ ಅಕಾಡೆಮಿ (ನೇವಿ) ಇರುವ ಅನಾಪೊಲಿಸ್‌ನ ಚಿಕ್ಕ ಮೈದಾನಕ್ಕೆ ತಂದರು. ಹತ್ತು ಮೈಲಿ ಒಳಗಿನವರಿಗೆ ಮಾತ್ರ ಪ್ರವೇಶ. ಆರ್ಮಿಯ ಹುಡುಗರು ಬರುವಂತಿರಲಿಲ್ಲ. ಹಾಗಾಗಿ ನೇವಿಯ ಹುಡುಗರಲ್ಲೇ ಒಂದು ಪಾಲನ್ನು ಎದುರು ಕಡೆ ಕೂರಿಸಿ ಆರ್ಮಿಗೆ ಜೈಕಾರ ಹಾಕಿಸಿದರು. ಅವರು ಆಜ್ಞೆ ಪಾಲಿಸಿದರು. ಗೆದ್ದಿದ್ದು ನೇವಿ.

## ಇನ್ನಷ್ಟು ಆಳಕ್ಕೆ

ಎಲ್ಲರೂ ಎಲ್ಲರ ಜೊತೆ ಆಡದಿದ್ದ ಮೇಲೆ ಚಾಂಪಿಯನ್ ಯಾರು ಅಂತ ಹೇಗೆ ಹೇಳ್ತಿದ್ರು?

ವಾದ ಮಾಡಿ. 1926ರಲ್ಲಿ ಇಲಿನಾಯ್‌ನ ಅರ್ಥಶಾಸ್ತ್ರದ ಪ್ರೊಫೆಸರ್ ಫ್ರಾಂಕ್ ಡಿಕಿನ್ಸನ್ ಗಣಿತದ ಸೂತ್ರದಿಂದ ತಂಡಗಳಿಗೆ ಅಂಕ ಕೊಟ್ಟರು. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಪತ್ರಕರ್ತರ ಮತ ಕೇಳಿ ವಾರವಾರ ಪಟ್ಟಿ ಕೊಟ್ಟಿತು. ಮೊದಲ ವರ್ಷ ಮಿನೆಸೋಟಾ ಗೆದ್ದಿತು. ಮತ ಹಾಕುವವರಲ್ಲಿ ಹೆಚ್ಚಿನವರು ತಮ್ಮ ಸುತ್ತಮುತ್ತಲಿನ ತಂಡಗಳನ್ನಷ್ಟೇ ನೋಡಿರುತ್ತಿದ್ದರು. ಉಳಿದದ್ದು ತಂತಿಯ ಸುದ್ದಿ.

ದೂರದ ಪ್ರದೇಶಗಳು ನಿಜವಾಗಿ ಎದುರಾಗುತ್ತಿದ್ದುದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ. 1902ರಲ್ಲಿ ಮೊದಲ ಸಲ ಮಿಷಿಗನ್ ಸ್ಟ್ಯಾನ್‌ಫರ್ಡನ್ನು 49–0ರಿಂದ ಸೋಲಿಸಿತು. ಆಯೋಜಕರಿಗೆ ಬೇಸರವಾಗಿ ಫುಟ್‌ಬಾಲನ್ನೇ ಕೈಬಿಟ್ಟು ಕೆಲವು ವರ್ಷ ರಥದ ಓಟ ಇಟ್ಟರು. 1916ರಲ್ಲಿ ಆಟ ವಾಪಸ್ ಬಂತು. 1926ರಲ್ಲಿ ದಕ್ಷಿಣದಿಂದ ಮೊದಲ ಸಲ ಕರೆಸಿಕೊಂಡ ಅಲಬಾಮಾ, ಮಧ್ಯಂತರಕ್ಕೆ 12–0 ಹಿಂದಿದ್ದು, ವಾಷಿಂಗ್ಟನ್ನನ್ನು 20–19ರಿಂದ ಸೋಲಿಸಿತು. ತಂಡದ ರೈಲು ಊರಿಗೆ ಮರಳುವಾಗ ದಾರಿಯ ನಿಲ್ದಾಣಗಳಲ್ಲಿ ಜನ ಕಾದು ನಿಂತಿದ್ದರು. ಅಲಬಾಮಾದವರಷ್ಟೇ ಅಲ್ಲ, ಇಡೀ ದಕ್ಷಿಣ ಇದು ತನ್ನ ಗೆಲುವು ಅಂದುಕೊಂಡಿತು.

ಇಂಥ ಬೌಲ್ ಪಂದ್ಯಗಳಿಗೆ ಹೋಗುವುದೇ ಬೇಡ ಅಂದವರೂ ಇದ್ದರು. ನೋಟರ್ ಡೇಮ್ 1925ರ ರೋಸ್ ಬೌಲ್ ಗೆದ್ದ ಮೇಲೆ 1970ರ ತನಕ ಯಾವ ಬೌಲ್‌ಗೂ ಹೋಗಲಿಲ್ಲ.

ಇಲ್ಲದ ಕಾಲೇಜಿನ ಸ್ಕೋರ್ ಪತ್ರಿಕೆಯಲ್ಲಿ ಬಂದಿತ್ತಂತೆ, ಹೌದಾ?

ಹೌದು. 1941ರಲ್ಲಿ ನ್ಯೂಯಾರ್ಕ್‌ನ ಷೇರು ವ್ಯಾಪಾರಿ ಮಾರಿಸ್ ನ್ಯೂಬರ್ಗರ್ ಪತ್ರಿಕೆಗಳಿಗೆ ಫೋನ್ ಮಾಡಿ "ಪ್ಲೇನ್‌ಫೀಲ್ಡ್ ಟೀಚರ್ಸ್" ತಂಡದ ಗೆಲುವಿನ ಅಂಕ ಹೇಳುತ್ತಿದ್ದ. ದೊಡ್ಡ ಪತ್ರಿಕೆಗಳೂ ಅಚ್ಚು ಹಾಕಿದವು. ಜಾನಿ ಚಂಗ್ ಅನ್ನುವ ತಾರೆಯನ್ನೂ ಹುಟ್ಟಿಸಿದರು, ಅವನು ಮಧ್ಯಂತರದಲ್ಲಿ ಅನ್ನ ತಿನ್ನುತ್ತಾನೆ ಅಂತಲೂ ಸೇರಿಸಿದರು. ನವೆಂಬರ್‌ನಲ್ಲಿ ಗುಟ್ಟು ಬಯಲಾಯಿತು. ನೂರಾರು ಕಾಲೇಜು, ಶನಿವಾರ ಸಂಜೆಯ ಅವಸರ, ಫೋನಿನ ಆಚೆ ಕಡೆಯ ದನಿಯನ್ನು ನಂಬುವುದು ಬಿಟ್ಟರೆ ಪತ್ರಿಕೆಯವರಿಗೆ ಬೇರೆ ದಾರಿ ಇರಲಿಲ್ಲ.

ಕಪ್ಪು ಆಟಗಾರರಿಗೆ ಜಾಗ ಇತ್ತಾ?

ಉತ್ತರದ ಕೆಲವು ತಂಡಗಳಲ್ಲಿ ಒಬ್ಬಿಬ್ಬರು ಇದ್ದರು. ದಕ್ಷಿಣದ ತಂಡದ ಜೊತೆ ಪಂದ್ಯ ಕುದುರಿದರೆ ಅವರನ್ನು ಹೊರಗೆ ಕೂರಿಸುವುದು ಎರಡೂ ಕಡೆಯವರ ಮಾತುಕತೆಯಲ್ಲೇ ಆಗಿರುತ್ತಿತ್ತು. ಇದಕ್ಕೆ "ಸಭ್ಯರ ಒಪ್ಪಂದ" ಅಂತ ಹೆಸರು. 1934ರಲ್ಲಿ ಜಾರ್ಜಿಯಾ ಟೆಕ್ ಮಿಷಿಗನ್‌ಗೆ ಬಂದಾಗ ಮಿಷಿಗನ್‌ನ ಕಪ್ಪು ಆಟಗಾರ ವಿಲ್ಲಿಸ್ ವಾರ್ಡ್‌ನನ್ನು ತನ್ನದೇ ಮೈದಾನದಲ್ಲಿ ಆಡಲು ಬಿಡಲಿಲ್ಲ. ಅವನ ಗೆಳೆಯ, ಸಹ ಆಟಗಾರ ಜೆರಾಲ್ಡ್ ಫೋರ್ಡ್, ಮುಂದೆ ದೇಶದ ಅಧ್ಯಕ್ಷನಾದವನು, ತಂಡ ಬಿಡುವ ಯೋಚನೆ ಮಾಡಿದ್ದ. 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಲೆನರ್ಡ್ ಬೇಟ್ಸ್‌ನನ್ನು ಮಿಸೂರಿ ಪಂದ್ಯಕ್ಕೆ ಬಿಟ್ಟು ಹೋದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ಏಳು ಜನ ಅಮಾನತಾದರು. ವಿಶ್ವವಿದ್ಯಾಲಯ ಅವರಿಗೆ ಗೌರವ ಸಲ್ಲಿಸಿದ್ದು 2001ರಲ್ಲಿ. ಪಟ್ಟಿಯಲ್ಲಿ ಒಂದು ಒಳ್ಳೆಯ ಪಂದ್ಯ ಉಳಿಯಲಿ ಅಂತ ತಮ್ಮದೇ ಹುಡುಗನನ್ನು ಬಿಟ್ಟುಕೊಟ್ಟರು. ಇದನ್ನು ಕ್ಷಮಿಸಲು ನನಗೆ ಆಗುವುದಿಲ್ಲ.

ಕಪ್ಪು ಜನರ ಕಾಲೇಜುಗಳು ತಮ್ಮದೇ ಲೋಕ ಕಟ್ಟಿಕೊಂಡವು. 1892ರ ಡಿಸೆಂಬರ್ 27ರಂದು ನಾರ್ತ್ ಕ್ಯಾರೊಲಿನಾದ ಸಾಲ್ಸ್‌ಬರಿಯಲ್ಲಿ ಹಿಮದ ನಡುವೆ ಬಿಡ್ಲ್ ಮತ್ತು ಲಿವಿಂಗ್‌ಸ್ಟನ್ ಆಡಿದವು. ಹವರ್ಡ್ (Howard, ಹಾರ್ವರ್ಡ್ ಅಲ್ಲ) ಮತ್ತು ಲಿಂಕನ್ ನಡುವಿನ ಥ್ಯಾಂಕ್ಸ್‌ಗಿವಿಂಗ್ ಪಂದ್ಯಕ್ಕೆ ಬೇರೆ ಬೇರೆ ನಗರಗಳಿಂದ ಜನ ಹೊಸ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆ ಅವರ ಚಾಂಪಿಯನ್ ಯಾರೆಂದು ಹೇಳುತ್ತಿತ್ತು. ಬಿಳಿಯರ ಪತ್ರಿಕೆಗಳಲ್ಲಿ ಈ ಪಂದ್ಯಗಳಿಗೆ ಜಾಗ ಸಿಗುತ್ತಿದ್ದುದು ಅಪರೂಪ.

ಟಿವಿ ಬಂದ ತಕ್ಷಣ ಎಲ್ಲ ಬದಲಾಯ್ತಾ?

ಇಲ್ಲ. ಮೊದಲ ಪ್ರಸಾರ 1939ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕ್‌ನಲ್ಲಿ ಫೋರ್ಡಮ್–ವೇನ್ಸ್‌ಬರ್ಗ್ ಪಂದ್ಯ. ಟಿವಿ ಇದ್ದ ಮನೆಗಳೇ ಆಗ ತೀರಾ ಕಡಿಮೆ. 1950ರ ಹೊತ್ತಿಗೆ ಟಿವಿ ಹೆಚ್ಚಾಗಿ, ಮೈದಾನಕ್ಕೆ ಬರುವವರು ಕಡಿಮೆಯಾದರು. 1951ರಲ್ಲಿ ಎನ್‌ಸಿಎಎ ಪ್ರಸಾರಕ್ಕೆ ಕಡಿವಾಣ ಹಾಕಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕೇಳಲಿಲ್ಲ, ತನ್ನ ಪಂದ್ಯಗಳನ್ನು ತೋರಿಸುತ್ತೇನೆ ಅಂದಿತು. ಆಗ ಅದರ ಪಟ್ಟಿಯಲ್ಲಿದ್ದ ಹಲವು ಕಾಲೇಜುಗಳು, ಹಾಗಾದರೆ ನಿಮ್ಮ ಜೊತೆ ಆಡುವುದಿಲ್ಲ ಅಂದವು. ಪೆನ್ಸಿಲ್ವೇನಿಯಾ ಮಣಿಯಿತು. ಎದುರಾಳಿಯೇ ಇಲ್ಲದಿದ್ದರೆ ಟಿವಿಯಲ್ಲಿ ತೋರಿಸುವುದಾದರೂ ಏನನ್ನು?

1952ರಿಂದ ವಾರಕ್ಕೊಂದು ರಾಷ್ಟ್ರೀಯ ಪಂದ್ಯ, ಒಂದು ತಂಡಕ್ಕೆ ಸೀಸನ್‌ನಲ್ಲಿ ಒಂದೇ ಅವಕಾಶ. ಆಮೇಲೆ ನಿಯಮ ಸ್ವಲ್ಪ ಸ್ವಲ್ಪ ಸಡಿಲವಾದರೂ ಹಿಡಿತ ಎನ್‌ಸಿಎಎ ಕೈಯಲ್ಲೇ ಇತ್ತು. 1966ರಲ್ಲಿ ನೋಟರ್ ಡೇಮ್–ಮಿಷಿಗನ್ ಸ್ಟೇಟ್ ಪಂದ್ಯವನ್ನು ದೇಶದ ಒಂದು ಭಾಗಕ್ಕೆ ಮಾತ್ರ ತೋರಿಸುವುದು ಅಂತಾಗಿತ್ತು. ಜನ ರಾಶಿ ರಾಶಿ ಪತ್ರ ಬರೆದ ಮೇಲೆ ಉಳಿದ ಕಡೆಗೂ ತಡವಾಗಿ ತೋರಿಸಿದರು.

ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7–2ರ ತೀರ್ಪಿನಲ್ಲಿ ಎನ್‌ಸಿಎಎ ಹಿಡಿತವನ್ನು ರದ್ದು ಮಾಡಿತು. ಒಪ್ಪದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್. ಅವರು 1930ರ ದಶಕದಲ್ಲಿ ಕೊಲರಾಡೊ ತಂಡದ ತಾರೆಯಾಗಿದ್ದವರು. ಅದಾದ ಮೇಲೆ ಒಕ್ಕೂಟಗಳು ಪ್ರಸಾರದ ಹಕ್ಕನ್ನು ತಾವೇ ಮಾರಿದವು, ಹೆಚ್ಚು ದುಡ್ಡು ಸಿಗುವ ಒಕ್ಕೂಟಕ್ಕೆ ಕಾಲೇಜುಗಳು ಜಿಗಿದವು. 1894ರಲ್ಲಿ ಶುರುವಾದ ಟೆಕ್ಸಸ್–ಟೆಕ್ಸಸ್ ಎ ಅಂಡ್ ಎಂ ಪಂದ್ಯ ಹಾಗೆಯೇ 2011ರ ನಂತರ ನಿಂತುಹೋಯಿತು. ಎರಡೂ ಮತ್ತೆ ಒಂದೇ ಒಕ್ಕೂಟಕ್ಕೆ ಬಂದು ಆಡಿದ್ದು 2024ರಲ್ಲಿ.